ಸಹಿಗೂ ಮುದ್ರೆಗೂ ನಡುವಿನ ಕೆಂಧೂಳು

ಗದಗ ರಸ್ತೆಯಿಂದ ಹುಬ್ಬಳ್ಳಿಗೆ ಬಂದು, ಕಾರವಾರ ರಸ್ತೆ ಹಿಡಿದು, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತಿದ್ದ ಅದಿರು ಲಾರಿಗಳ ಸಾಲನ್ನು ಈ ಭಾಗದ ಜನ ಇನ್ನೂ ಮರೆತಿಲ್ಲ. ಟಾರ್ಪಾಲಿನ ಅಡಿಯಿಂದ ಉದುರಿದ ಕೆಂಪು ಪುಡಿ ರಸ್ತೆ ಬದಿಯ ಗಿಡಗಳ ಮೇಲೆ, ಚಹಾದಂಗಡಿಯ ತಗಡಿನ ಮೇಲೆ, ಬಸ್ಸಿಗೆ ಕಾದು ನಿಂತವರ ಅಂಗಿಯ ಮೇಲೆ ಕೂರುತ್ತಿತ್ತು. ಸಂಡೂರು, ಹೊಸಪೇಟೆ ಸೀಮೆಯ ಗುಡ್ಡಗಳು ಹೀಗೆ ಪುಡಿಯಾಗಿ ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರು ತಲುಪಿ, ಅಲ್ಲಿಂದ ಹಡಗೇರಿ ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿದ್ದವು. 2005ರ ನಂತರದ ಐದಾರು ವರ್ಷ ಈ ಓಟ ಭರದಿಂದ ನಡೆಯಿತು.

ಅದೇ ವರ್ಷಗಳಲ್ಲಿ ದೆಹಲಿಯ ಸಚಿವಾಲಯಗಳ ನಡುವೆ ಒಂದು ಕಡತ ಬಹಳ ನಿಧಾನವಾಗಿ ಚಲಿಸುತ್ತಿತ್ತು. ಭ್ರಷ್ಟಾಚಾರದ ವಿರುದ್ಧ ವಿಶ್ವಸಂಸ್ಥೆ ರೂಪಿಸಿದ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 2005ರ ಡಿಸೆಂಬರ್ 9ರಂದು. ಆ ಸಹಿಗೆ ಸರ್ಕಾರದ ಅನುಮೋದನೆಯ ಮುದ್ರೆ ಬಿದ್ದು ಪತ್ರ ನ್ಯೂಯಾರ್ಕಿನಲ್ಲಿ ದಾಖಲಾದದ್ದು 2011ರ ಮೇ 9ರಂದು. ನಡುವಿನ ಅವಧಿ ಸರಿಯಾಗಿ ಐದು ವರ್ಷ ಐದು ತಿಂಗಳು.

ಲಾರಿಗಳ ಓಟಕ್ಕೂ ಕಡತದ ನಿಧಾನಕ್ಕೂ ನೇರ ಕಾರ್ಯಕಾರಣ ಸಂಬಂಧವಿದೆ ಎಂದರೆ ಅದು ಉತ್ಪ್ರೇಕ್ಷೆಯಾದೀತು. ದೆಹಲಿ ಮುದ್ರೆ ಒತ್ತಿದ ಮಾತ್ರಕ್ಕೆ ಬಳ್ಳಾರಿಯಲ್ಲಿ ಜೆಸಿಬಿ ನಿಲ್ಲುತ್ತಿರಲಿಲ್ಲ. ಆದರೆ ಆ ಒಡಂಬಡಿಕೆ ಯಾವ ಯಾವ ಕೊರತೆಗಳನ್ನು ತುಂಬಿಕೊಳ್ಳಿ ಎಂದು ದೇಶಗಳನ್ನು ಕೇಳಿತ್ತೋ, ಬಳ್ಳಾರಿಯಿಂದ ಬೇಲೆಕೇರಿಯವರೆಗಿನ ಕಥೆಯಲ್ಲಿ ಅದೇ ಕೊರತೆಗಳು ಒಂದೊಂದಾಗಿ ಎದುರಾಗುತ್ತವೆ. ದೂರು ಹೇಳಿದ ಅಧಿಕಾರಿಗೆ ರಕ್ಷಣೆ ಇರಲಿಲ್ಲ, ತನಿಖಾ ಸಂಸ್ಥೆಗೆ ಭದ್ರ ನೆಲೆ ಇರಲಿಲ್ಲ, ಗಡಿ ದಾಟಿದ ಹಣವನ್ನು ಹಿಂದಕ್ಕೆ ತರುವ ಸಲೀಸು ದಾರಿ ಇರಲಿಲ್ಲ. ಅನುಮೋದನೆ ಆದ ಮೇಲೂ ಇವುಗಳಲ್ಲಿ ಹಲವು ಹಾಗೆಯೇ ಉಳಿದಿವೆ. ಹೀಗಾಗಿ ಭಾರತದ ವಿಳಂಬವನ್ನು 2011ಕ್ಕೆ ಮುಗಿದ ಹಳೆಯ ಅಧ್ಯಾಯ ಎಂದು ಬದಿಗಿಡಲು ಬರುವುದಿಲ್ಲ.

ಒಡಂಬಡಿಕೆಯಲ್ಲಿ ಏನಿದೆ?

ವಿಶ್ವಸಂಸ್ಥೆಯ ಮಹಾಸಭೆ ಈ ಒಡಂಬಡಿಕೆಯನ್ನು ಅಂಗೀಕರಿಸಿದ್ದು 2003ರ ಅಕ್ಟೋಬರ್ 31ರಂದು. ಅದೇ ವರ್ಷದ ಡಿಸೆಂಬರ್ 9ರಿಂದ ಮೂರು ದಿನ ಮೆಕ್ಸಿಕೋದ ಮೆರಿಡಾ ನಗರದಲ್ಲಿ ಸಹಿ ಸಮಾರಂಭ ನಡೆಯಿತು. ಪ್ರತಿ ವರ್ಷ ಡಿಸೆಂಬರ್ 9ನ್ನು ಅಂತರರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ದಿನವಾಗಿ ಆಚರಿಸುವುದು ಅದರ ನೆನಪಿಗೆ. ಕೀನ್ಯಾ ಆ ಮೊದಲ ದಿನವೇ ಸಹಿಯ ಜೊತೆಗೆ ಅನುಮೋದನೆಯನ್ನೂ ಕೊಟ್ಟಿತು. 30 ದೇಶಗಳ ಅನುಮೋದನೆ ಕೂಡಿಬಂದು 2005ರ ಡಿಸೆಂಬರ್ 14ರಂದು ಒಡಂಬಡಿಕೆ ಜಾರಿಯಾಯಿತು. ಭಾರತ ಸಹಿ ಹಾಕಿದ್ದು ಅದಕ್ಕೆ ಐದೇ ದಿನ ಮೊದಲು. ಇಂದು 190ಕ್ಕೂ ಹೆಚ್ಚು ಸದಸ್ಯರು ಇದರಲ್ಲಿದ್ದಾರೆ.

71 ವಿಧಿಗಳ ಈ ದಸ್ತಾವೇಜು ನಾಲ್ಕು ಮುಖ್ಯ ಕಂಬಗಳ ಮೇಲೆ ನಿಂತಿದೆ. ಮೊದಲನೆಯದು ತಡೆಗಟ್ಟುವಿಕೆ: ಪಾರದರ್ಶಕ ಟೆಂಡರು, ನೌಕರರ ನಡತೆ ಸಂಹಿತೆ, ಸ್ವತಂತ್ರ ಸಂಸ್ಥೆಗಳು, ನಾಗರಿಕ ಸಂಘಟನೆಗಳ ಪಾಲ್ಗೊಳ್ಳುವಿಕೆ. ಎರಡನೆಯದು ಅಪರಾಧಗಳ ವ್ಯಾಖ್ಯೆ ಮತ್ತು ಶಿಕ್ಷೆ. ಮೂರನೆಯದು ದೇಶದೇಶಗಳ ನಡುವೆ ತನಿಖೆಗೆ ಸಹಕಾರ. ನಾಲ್ಕನೆಯದು ಕದ್ದೊಯ್ದ ಸಂಪತ್ತನ್ನು ಮರಳಿ ತರುವುದು. ಈ ನಾಲ್ಕನೆಯ ಕಂಬವನ್ನು ಒಡಂಬಡಿಕೆ ತನ್ನ ಮೂಲಭೂತ ತತ್ವವೆಂದೇ ಕರೆದಿದೆ.

ಎಲ್ಲ ವಿಧಿಗಳ ಬಿಗಿ ಒಂದೇ ತೆರನಾಗಿಲ್ಲ. ಸ್ವದೇಶದ ಅಧಿಕಾರಿಗೆ ಲಂಚ ಕೊಡುವುದನ್ನು, ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ಅಪರಾಧವಾಗಿಸಲೇಬೇಕು. ಖಾಸಗಿ ವಲಯದೊಳಗಿನ ಲಂಚ, ಆದಾಯ ಮೀರಿದ ಆಸ್ತಿ, ಮಾಹಿತಿದಾರರ ರಕ್ಷಣೆ ಇವುಗಳ ಬಗ್ಗೆ ದೇಶಗಳು ಕಾನೂನು ಮಾಡುವುದನ್ನು ಪರಿಗಣಿಸಬೇಕು ಎಂದಷ್ಟೇ ಇದೆ. ಯಾವ ಸರ್ಕಾರ ಎಲ್ಲಿ ನುಣುಚಿಕೊಳ್ಳಬಹುದು ಎಂಬುದು ಈ ಎರಡು ಬಗೆಯ ಮಾತುಗಳ ನಡುವಿನ ಸಂದಿನಲ್ಲೇ ತಿಳಿಯುತ್ತದೆ.

ದೆಹಲಿಯ ನಿಧಾನ

ಭಾರತದಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದನ್ನು ಅನುಮೋದಿಸಲು ಸಂಸತ್ತಿನ ಮತ ಬೇಕಿಲ್ಲ, ಕೇಂದ್ರ ಸಚಿವ ಸಂಪುಟದ ತೀರ್ಮಾನ ಸಾಕು. ಆದರೆ ಒಪ್ಪಂದ ತಾನಾಗಿಯೇ ದೇಶದ ಕಾನೂನಾಗುವುದಿಲ್ಲ. ಅದನ್ನು ಜಾರಿಗೆ ತರುವ ಶಾಸನ ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಆದ್ದರಿಂದ ಮೊದಲು ಕಾನೂನುಗಳನ್ನು ಸರಿಪಡಿಸಿಕೊಂಡು ಆಮೇಲೆ ಅನುಮೋದಿಸುವುದು ಭಾರತದ ರೂಢಿ. ವಿದೇಶಿ ಅಧಿಕಾರಿಗಳ ಲಂಚ, ಮಾಹಿತಿದಾರರ ರಕ್ಷಣೆ, ಆಸ್ತಿ ಮುಟ್ಟುಗೋಲು ಇವಕ್ಕೆಲ್ಲ ಹೊಸ ಕಾನೂನು ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದು ಆ ವರ್ಷಗಳಲ್ಲಿ ಸರ್ಕಾರದ ಕಡೆಯ ವಾದ.

ಈ ವಾದದಲ್ಲಿ ಹುರುಳಿದೆ. ಕಾನೂನೇ ಇಲ್ಲದೆ ಅನುಮೋದಿಸಿ ಪ್ರಶಂಸೆ ಪಡೆದ ದೇಶಗಳು ಬೇಕಾದಷ್ಟಿವೆ, ಅಲ್ಲಿ ಲಂಚವೇನೂ ಕಡಿಮೆಯಾಗಲಿಲ್ಲ. ಆದರೆ ಕಾನೂನು ಸಿದ್ಧಪಡಿಸುವ ಕೆಲಸ ಆ ವರ್ಷಗಳಲ್ಲಿ ಎಷ್ಟು ಸಾಗಿತ್ತು ಎಂದು ನೋಡಿದರೆ ವಾದ ಸೊರಗುತ್ತದೆ. ಮಾಹಿತಿದಾರರ ರಕ್ಷಣೆಗೆ ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 179ನೇ ವರದಿಯಲ್ಲಿ ಹೇಳಿದ್ದು 2001ರಲ್ಲಿ. ಮಸೂದೆ ಲೋಕಸಭೆಗೆ ಬಂದದ್ದು 2010ರ ಆಗಸ್ಟ್‌ನಲ್ಲಿ. ವಿದೇಶಿ ಅಧಿಕಾರಿಗಳ ಲಂಚದ ಮಸೂದೆ ಮಂಡನೆಯಾದದ್ದು 2011ರ ಮಾರ್ಚ್‌ನಲ್ಲಿ, ಅನುಮೋದನೆಗೆ ಎರಡೂವರೆ ತಿಂಗಳೂ ಇಲ್ಲದಾಗ.

ಅಷ್ಟರಲ್ಲಿ ನೆರೆಹೊರೆಯವರು ಮುಂದೆ ಹೋಗಿದ್ದರು. ಶ್ರೀಲಂಕಾ 2004ರಲ್ಲೇ ಅನುಮೋದಿಸಿತ್ತು. ಚೀನಾ 2006ರಲ್ಲಿ, ಬಾಂಗ್ಲಾದೇಶ, ಮಾಲ್ಡೀವ್ಸ್ ಮತ್ತು ಪಾಕಿಸ್ತಾನ 2007ರಲ್ಲಿ, ಅಫ್ಘಾನಿಸ್ತಾನ 2008ರಲ್ಲಿ ಸೇರಿದವು. 2011ರ ಮಾರ್ಚ್ ಕೊನೆಗೆ ನೇಪಾಳವೂ ಒಳಗೆ ಬಂದಿತು. ಸಾರ್ಕ್ ಕೂಟದಲ್ಲಿ ಭಾರತಕ್ಕಿಂತ ಹಿಂದೆ ಉಳಿದದ್ದು 2016ರಲ್ಲಿ ಅನುಮೋದಿಸಿದ ಭೂತಾನ್ ಒಂದೇ.

ಕಡತಕ್ಕೆ ವೇಗ ಬಂದದ್ದು ಹೊರಗಿನ ಒತ್ತಡದಿಂದ ಮತ್ತು ಬೀದಿಯ ಸಿಟ್ಟಿನಿಂದ. 2010ರ ನವೆಂಬರಿನಲ್ಲಿ ಸೋಲ್ ನಗರದಲ್ಲಿ ಸೇರಿದ್ದ ಜಿ-20 ಶೃಂಗಸಭೆ ಸದಸ್ಯ ದೇಶಗಳೆಲ್ಲ ಈ ಒಡಂಬಡಿಕೆಯನ್ನು ಅನುಮೋದಿಸಬೇಕೆಂಬ ಕಾರ್ಯಯೋಜನೆ ಒಪ್ಪಿತು. ದೇಶದೊಳಗೆ ಕಾಮನ್‌ವೆಲ್ತ್ ಕ್ರೀಡಾಕೂಟ ಮತ್ತು 2ಜಿ ತರಂಗಾಂತರ ಹಂಚಿಕೆಯ ವಿವಾದಗಳು ಸ್ಫೋಟಿಸಿದ್ದವು. 2011ರ ಏಪ್ರಿಲ್ ಮೊದಲ ವಾರದಲ್ಲಿ ಜಂತರ್ ಮಂತರ್‌ನಲ್ಲಿ ಅಣ್ಣಾ ಹಜಾರೆ ಉಪವಾಸ ಕೂತರು. ಅದು ಮುಗಿದ ಸರಿಯಾಗಿ ಒಂದು ತಿಂಗಳಿಗೆ ಅನುಮೋದನೆ ಪತ್ರ ದಾಖಲಾಯಿತು. ಐದು ವರ್ಷದಲ್ಲಿ ಸಿದ್ಧವಾಗದ ಕಾನೂನುಗಳು ಆ ದಿನವೂ ಸಿದ್ಧವಿರಲಿಲ್ಲ. ಅನುಮೋದನೆಗೆ ಮೊದಲು ಕಾನೂನು ಎಂಬ ರೂಢಿಯನ್ನು ಸರ್ಕಾರವೇ ಬಿಟ್ಟುಕೊಟ್ಟಂತಾಯಿತು.

ಎರಡು ನವೆಂಬರ್‌ಗಳು

ವಿಳಂಬದ ಬೆಲೆಯನ್ನು ಕಡತದಲ್ಲಿ ಹುಡುಕಿದರೆ ಕಾಣುವುದಿಲ್ಲ. ಅದು ಕಾಣುವುದು ಎರಡು ಹೆಸರುಗಳಲ್ಲಿ.

ಪುಣೆ–ಬೆಂಗಳೂರು ಹೆದ್ದಾರಿ ಧಾರವಾಡ, ಹುಬ್ಬಳ್ಳಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಇದು ನಾಲ್ಕು ಮಹಾನಗರಗಳನ್ನು ಜೋಡಿಸುವ ಸುವರ್ಣ ಚತುಷ್ಪಥ ಯೋಜನೆಯ ಒಂದು ಬಾಹು. ಅದೇ ಯೋಜನೆಯ ಇನ್ನೊಂದು ಬಾಹು ಬಿಹಾರದಲ್ಲಿ ನಿರ್ಮಾಣವಾಗುತ್ತಿದ್ದಾಗ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಕಾಮಗಾರಿಯ ಅಕ್ರಮಗಳನ್ನು ವಿವರಿಸಿ ಪ್ರಧಾನಿ ಕಚೇರಿಗೆ ಪತ್ರ ಬರೆದರು. ತನ್ನ ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದರು. ಪತ್ರ ಹೆಸರಿನ ಸಮೇತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು, 2010ರಲ್ಲಿ ನ್ಯಾಯಾಲಯ ಮೂವರಿಗೆ ಶಿಕ್ಷೆ ವಿಧಿಸಿತು. ಕೊಲೆಯ ಉದ್ದೇಶ ಏನೇ ಇರಲಿ, ಗುಟ್ಟು ಬೇಡಿದವನ ಹೆಸರನ್ನು ವ್ಯವಸ್ಥೆ ಕಾಪಾಡಲಿಲ್ಲ ಎಂಬ ಸಂಗತಿ ಬದಲಾಗುವುದಿಲ್ಲ. ವಿಶ್ವಸಂಸ್ಥೆ ಒಡಂಬಡಿಕೆಯನ್ನು ಅಂಗೀಕರಿಸಿ ಆಗ ಒಂದು ತಿಂಗಳೂ ಆಗಿರಲಿಲ್ಲ.

ಎರಡನೆಯ ಹೆಸರು ಕರ್ನಾಟಕದ್ದು. ಕೋಲಾರದ ಕೆಜಿಎಫ್‌ನ ಹುಡುಗ ಮಂಜುನಾಥ್ ಷಣ್ಮುಗಂ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕುಗಳ ಮೇಲೆ ಕ್ರಮ ಜರುಗಿಸಿದ. 2005ರ ನವೆಂಬರ್ 19ರ ರಾತ್ರಿ ಅವನ ಮೇಲೆ ಗುಂಡಿನ ಮಳೆಯಾಯಿತು. ವಯಸ್ಸು 27. ಹತ್ಯೆಗೈದವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಭಾರತ ಒಡಂಬಡಿಕೆಗೆ ಸಹಿ ಹಾಕಿದ್ದು ಮಂಜುನಾಥ್ ಸತ್ತ ಇಪ್ಪತ್ತನೇ ದಿನ.

ದುಬೆ ಸಾವಿನ ನಂತರ ಕೇಂದ್ರ ಸರ್ಕಾರ 2004ರ ಏಪ್ರಿಲ್‌ನಲ್ಲಿ ಒಂದು ನಿರ್ಣಯ ಹೊರಡಿಸಿ, ಮಾಹಿತಿದಾರರ ದೂರು ಸ್ವೀಕರಿಸುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ಒಪ್ಪಿಸಿತು. ಅದು ಕೇಂದ್ರದ ನೌಕರರು ಮತ್ತು ಕೇಂದ್ರದ ಉದ್ದಿಮೆಗಳಿಗೆ ಸಂಬಂಧಿಸಿದ ಆಡಳಿತಾತ್ಮಕ ಏರ್ಪಾಡು. ರಾಜ್ಯ ಸರ್ಕಾರಗಳ ಕಚೇರಿಗಳು ಅದರ ವ್ಯಾಪ್ತಿಯ ಹೊರಗೇ ಉಳಿದವು.

ಬೇಲೆಕೇರಿಯಲ್ಲಿ ಮಾಯವಾದ ರಾಶಿ

ರಾಜ್ಯದ ಅಧಿಕಾರಿಯೊಬ್ಬ ದೂರು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬೇಲೆಕೇರಿಯಲ್ಲಿ ಸಿಕ್ಕಿತು.

ಬಳ್ಳಾರಿಯ ಗಣಿ ವ್ಯವಹಾರದ ತನಿಖೆಯನ್ನು ರಾಜ್ಯ ಸರ್ಕಾರ ಲೋಕಾಯುಕ್ತಕ್ಕೆ ವಹಿಸಿದ್ದು 2007ರ ಮಾರ್ಚ್‌ನಲ್ಲಿ. ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆ 2008ರ ಡಿಸೆಂಬರ್ 18ರಂದು ಮೊದಲ ವರದಿ ಕೊಟ್ಟರು. ವರದಿ ಬಂದರೂ ಲಾರಿಗಳು ನಿಲ್ಲಲಿಲ್ಲ. 2010ರ ಮಾರ್ಚ್‌ನಲ್ಲಿ ಲೋಕಾಯುಕ್ತದ ಸೂಚನೆಯಂತೆ ಬೇಲೆಕೇರಿಯ ದಾಸ್ತಾನು ಪರಿಶೀಲಿಸಿದ ಅರಣ್ಯ ಇಲಾಖೆ, ಪರ್ಮಿಟ್ ಇಲ್ಲದ ಲಕ್ಷಗಟ್ಟಲೆ ಟನ್ ಅದಿರನ್ನು ಮುಟ್ಟುಗೋಲು ಹಾಕಿಕೊಂಡಿತು. ಮುಟ್ಟುಗೋಲಿಗೆ ಒಳಗಾಗಿ ಕಾವಲಿನಲ್ಲಿದ್ದ ಆ ರಾಶಿಯ ಬಹುಪಾಲು ಕೆಲವೇ ವಾರಗಳಲ್ಲಿ ಹಡಗೇರಿ ಹೋಯಿತು. ಗುಡ್ಡದಂಥ ರಾಶಿಯೊಂದು ಸರ್ಕಾರಿ ಬಂದರಿನಿಂದ ಕಾಣೆಯಾಗಬೇಕಾದರೆ ಎಷ್ಟು ಜನ ಕಣ್ಣು ಮುಚ್ಚಿರಬೇಕು!

ಮುಟ್ಟುಗೋಲು ಹಾಕಿದ್ದ ಕಾರವಾರದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಅಮಾನತಿನ ಕ್ರಮ ಎದುರಿಸಬೇಕಾಯಿತು. ಅದನ್ನು ಪ್ರತಿಭಟಿಸಿ ಸಂತೋಷ ಹೆಗ್ಡೆ 2010ರ ಜೂನ್ 23ರಂದು ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಕೊಟ್ಟರು. ರಾಜ್ಯವೆಲ್ಲ ಅದೇ ಮಾತಾಯಿತು. ಜುಲೈ ಮೊದಲ ವಾರದಲ್ಲಿ ಅವರು ರಾಜೀನಾಮೆ ಹಿಂಪಡೆದರು, ಅದೇ ತಿಂಗಳು ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಅಧಿಕಾರಿಯೊಬ್ಬನ ಪರ ನಿಲ್ಲಲು ಲೋಕಾಯುಕ್ತರೇ ತಮ್ಮ ಹುದ್ದೆಯನ್ನು ಪಣಕ್ಕಿಡಬೇಕಾದದ್ದು ಏಕೆ? ಆ ಅಧಿಕಾರಿಯ ಬೆನ್ನಿಗೆ ನಿಲ್ಲುವ ಕಾನೂನು ಇರಲಿಲ್ಲ. ಒಡಂಬಡಿಕೆಯ 33ನೇ ವಿಧಿ ಹೇಳುವುದು ಇಂಥ ವ್ಯಕ್ತಿಗಳ ಬಗ್ಗೆಯೇ: ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಿರುಕುಳವಾಗದಂತೆ ದೇಶಗಳು ಕಾನೂನಿನಲ್ಲಿ ವ್ಯವಸ್ಥೆ ಮಾಡುವ ಕುರಿತು.

2011ರ ಜುಲೈ 27ರಂದು ಬಂದ ಎರಡನೆಯ ವರದಿ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಪರ್ಮಿಟ್ ಇಲ್ಲದ ಸಾಗಣೆಗೆ ರಕ್ಷಣೆ ಒದಗಿಸುತ್ತಿದ್ದ ಜಾಲಕ್ಕೆ ‘ಝೀರೋ ರಿಸ್ಕ್’ ಎಂಬ ಹೆಸರಿತ್ತೆಂದೂ, ಕಡಿಮೆ ಬೆಲೆ ನಮೂದಿಸಿ ರಫ್ತು ಮಾಡಿ ವ್ಯತ್ಯಾಸದ ಹಣವನ್ನು ಹೊರದೇಶದಲ್ಲೇ ಉಳಿಸಿಕೊಳ್ಳುವ ತಂತ್ರ ನಡೆದಿತ್ತೆಂದೂ ವರದಿ ವಿವರಿಸಿತು. ನಾಲ್ಕು ದಿನಗಳ ನಂತರ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಗಣಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರಲ್ಲಿ ಅವರನ್ನು ಖುಲಾಸೆ ಮಾಡಿತು. ಬೇಲೆಕೇರಿ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬರಲು 2024ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಶಿಕ್ಷೆಯಾಯಿತು, ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅದಿರು ಮಾಯವಾದದ್ದಕ್ಕೂ ಮೊದಲ ತೀರ್ಪಿಗೂ ನಡುವೆ ಹದಿನಾಲ್ಕು ವರ್ಷ.

ಧಾರವಾಡದಿಂದ ಹೋದ ಅರ್ಜಿ

ಗಣಿಗಾರಿಕೆಯನ್ನು ನಿಜವಾಗಿ ನಿಲ್ಲಿಸಿದ್ದು ಸುಪ್ರೀಂ ಕೋರ್ಟ್. ಕೋರ್ಟಿನ ಬಾಗಿಲು ತಟ್ಟಿದ್ದು ಧಾರವಾಡದ ಸಂಘಟನೆ.

ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದು ಊರಿಗೆ ಮರಳಿದ ಎಸ್.ಆರ್. ಹಿರೇಮಠ ಮತ್ತು ಸಂಗಾತಿಗಳು 1984ರಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ಸೀಮೆಗೆ ಹೊಸದಲ್ಲ. ತುಂಗಭದ್ರೆಗೆ ಹರಿಯುತ್ತಿದ್ದ ಕಾರ್ಖಾನೆಯ ಕೊಳೆಯ ವಿರುದ್ಧ ಅದು ಹೋರಾಡಿತ್ತು. ರೈತರ ಸಾಮೂಹಿಕ ಭೂಮಿಯನ್ನು ನೀಲಗಿರಿ ತೋಪಿಗೆ ಕೊಟ್ಟದ್ದನ್ನು ಪ್ರಶ್ನಿಸಿ ಶಿವರಾಮ ಕಾರಂತರೊಂದಿಗೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1987ರಲ್ಲಿ ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ ನಡೆದ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ಅದರದೇ. ನೀಲಗಿರಿ ಸಸಿ ಕಿತ್ತು ಜನರಿಗೆ ಬೇಕಾದ ಗಿಡ ಹಚ್ಚಿದ ಆ ಚಳವಳಿಯ ಅನುಭವವೇ ಎರಡು ದಶಕದ ನಂತರ ಗಣಿಯ ಕಡೆ ತಿರುಗಿತು.

2009ರಲ್ಲಿ ಸಮುದಾಯ ಸಲ್ಲಿಸಿದ ಅರ್ಜಿಯ ಮೇಲೆ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಸ್ಥಳ ಪರಿಶೀಲಿಸಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅತಿಕ್ರಮಿಸಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಒಡಂಬಡಿಕೆಯ 13ನೇ ವಿಧಿ ಭ್ರಷ್ಟಾಚಾರದ ವಿರುದ್ಧ ನಾಗರಿಕ ಸಂಘಟನೆಗಳ ಪಾತ್ರವನ್ನು ಪ್ರೋತ್ಸಾಹಿಸಿ ಎಂದು ಸರ್ಕಾರಗಳಿಗೆ ಹೇಳುತ್ತದೆ. ಇಲ್ಲಿ ಸರ್ಕಾರದ ಪ್ರೋತ್ಸಾಹಕ್ಕೆ ಕಾಯದೆ, ಬಹುಪಾಲು ಸರ್ಕಾರದ ಎದುರೇ ನಿಂತು, ಸಂಘಟನೆಯೊಂದು ಆ ಪಾತ್ರ ವಹಿಸಿತು.

ತೀರ್ಪಿನ ಇನ್ನೊಂದು ಫಲವನ್ನು ಜನ ಅಷ್ಟಾಗಿ ಗಮನಿಸಿಲ್ಲ. ಗಣಿಗಾರರಿಂದ ವಸೂಲಾದ ಹಣವನ್ನು ಆ ಮೂರು ಜಿಲ್ಲೆಗಳ ಪರಿಸರ ಮತ್ತು ಜನಜೀವನದ ಪುನಶ್ಚೇತನಕ್ಕೇ ಮೀಸಲಿಡಬೇಕೆಂದು ಕೋರ್ಟ್ ವಿಧಿಸಿತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು, ಸಾವಿರಾರು ಕೋಟಿ ರೂಪಾಯಿ ಕೂಡಿತು. ಖರ್ಚಿನ ಮೇಲ್ವಿಚಾರಣೆಗೆ ಕೋರ್ಟ್ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಕದ್ದದ್ದು ಕಳೆದುಕೊಂಡವರಿಗೇ ಮರಳಬೇಕು ಎಂಬ ಒಡಂಬಡಿಕೆಯ ತತ್ವ ದೇಶದೊಳಗೆ ಹೇಗೆ ಕೆಲಸ ಮಾಡಬಹುದು ಎಂಬುದಕ್ಕೆ ಇದು ನಮ್ಮಲ್ಲೇ ಇರುವ ಮಾದರಿ. ಹೊರದೇಶಕ್ಕೆ ಹೋದ ಹಣದ ಹಾದಿ ಇದಕ್ಕಿಂತ ಬಹಳ ದೂರ. ನೈಜೀರಿಯದ ಸರ್ವಾಧಿಕಾರಿ ಸಾನಿ ಅಬಾಚಾ ಸತ್ತದ್ದು 1998ರಲ್ಲಿ. ಅವನ ಕೂಟ ದೋಚಿದ್ದರಲ್ಲಿ 32.1 ಕೋಟಿ ಡಾಲರ್ ಮರಳಿಸಲು ಸ್ವಿಟ್ಜರ್ಲೆಂಡ್ ಒಪ್ಪಂದ ಮಾಡಿಕೊಂಡದ್ದು 2017ರಲ್ಲಿ, ವಿಶ್ವ ಬ್ಯಾಂಕಿನ ಮೇಲ್ವಿಚಾರಣೆಯ ಷರತ್ತಿನೊಂದಿಗೆ. ಬಡವರಿಗೆ ನೇರ ನಗದು ತಲುಪಿಸಲು ಅದನ್ನು ಬಳಸಲಾಯಿತು.

ಮುಂದಿದ್ದ ರಾಜ್ಯ ಹಿಂದೆ ಸರಿದದ್ದು

ಕರ್ನಾಟಕದ ಕಥೆಯಲ್ಲಿ ಹೆಚ್ಚು ನೋಯಿಸುವ ಭಾಗ ಇದು. ಒಡಂಬಡಿಕೆ ಕೇಳಿದ ಹಲವನ್ನು ಈ ರಾಜ್ಯ ಅದು ಹುಟ್ಟುವ ಮೊದಲೇ ಮಾಡಿಕೊಂಡಿತ್ತು. ಲೋಕಾಯುಕ್ತ ಕಾಯ್ದೆ 1984ರದು. ಟೆಂಡರುಗಳನ್ನು ಬಹಿರಂಗಕ್ಕೆ ತಂದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರದು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಾದರೆ ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ಮಾಡಿತ್ತು. 2001ರಿಂದ 2006ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಜಿಲ್ಲೆ ಜಿಲ್ಲೆ ತಿರುಗಿ ದಾಳಿ ನಡೆಸಿದಾಗ ಲೋಕಾಯುಕ್ತ ಎಂಬ ಶಬ್ದ ಹಳ್ಳಿಯ ಕಟ್ಟೆಯ ಮಾತಾಯಿತು. ಕಚೇರಿಯಲ್ಲಿ ರೊಕ್ಕ ಕೇಳಿದರೆ ‘ಲೋಕಾಯುಕ್ತಕ್ಕೆ ಹೋಗ್ತೀನಿ ನೋಡ್ರಿ’ ಎನ್ನುವ ಧೈರ್ಯ ಸಾಮಾನ್ಯರಿಗೆ ಬಂದಿತ್ತು.

ಒಡಂಬಡಿಕೆಗೆ ಭಾರತದ ಅನುಮೋದನೆ ಸಿಕ್ಕ ವರ್ಷದಿಂದಲೇ ಈ ಕಟ್ಟಡ ಕುಸಿಯತೊಡಗಿತು. ಹೆಗ್ಡೆ ನಿವೃತ್ತರಾದ ಮೇಲೆ ಬಂದ ನ್ಯಾಯಮೂರ್ತಿ ಶಿವರಾಜ ಪಾಟೀಲ್ 2011ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2013ರ ಫೆಬ್ರುವರಿವರೆಗೆ ಹುದ್ದೆ ಖಾಲಿ. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಲಂಚದ ಜಾಲವಿದೆ ಎಂಬ ಹಗರಣ ಹೊರಬಿತ್ತು, ಆ ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ನೀಡಿದರು. ಮತ್ತೆ ಒಂದು ವರ್ಷಕ್ಕೂ ಮೀರಿ ಖಾಲಿ ಕುರ್ಚಿ. ಅದೇ ಖಾಲಿ ಅವಧಿಯಲ್ಲಿ, 2016ರ ಮಾರ್ಚ್ 14ರಂದು, ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಸ್ಥಾಪಿಸಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ಎಸಿಬಿ ಕೆಲಸ ಮಾಡುತ್ತಿದ್ದದ್ದು ಸರ್ಕಾರದ ಅಧೀನದಲ್ಲಿ. ಲೋಕಾಯುಕ್ತಕ್ಕೆ ಹಲ್ಲು ಉಳಿಯಲಿಲ್ಲ.

ಈ ಕ್ರಮವನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಹೈಕೋರ್ಟ್ 2022ರ ಆಗಸ್ಟ್ 11ರಂದು ತೀರ್ಪು ಕೊಟ್ಟು ಎಸಿಬಿಯನ್ನು ರದ್ದುಗೊಳಿಸಿತು, ಪ್ರಕರಣಗಳು ಲೋಕಾಯುಕ್ತ ಪೊಲೀಸರಿಗೆ ಮರಳಿದವು. ಭ್ರಷ್ಟಾಚಾರ ತಡೆಯುವ ಸಂಸ್ಥೆಗಳಿಗೆ ಅನಗತ್ಯ ಪ್ರಭಾವ ತಟ್ಟದಂಥ ಸ್ವಾತಂತ್ರ್ಯ ಕೊಡಬೇಕೆಂದು ಒಡಂಬಡಿಕೆಯ 6 ಮತ್ತು 36ನೇ ವಿಧಿಗಳು ಹೇಳುತ್ತವೆ. ಆ ಹೊಣೆಯನ್ನು ದೇಶ ಹೊತ್ತ ಐದನೇ ವರ್ಷದಲ್ಲಿ ದೇಶದ ಅತ್ಯಂತ ಗಟ್ಟಿ ಲೋಕಾಯುಕ್ತ ಬಲ ಕಳೆದುಕೊಂಡಿತು, ಅದು ಮರಳಲು ಆರು ವರ್ಷ ಹಿಡಿಯಿತು. ಇದನ್ನು ಮಾಡಿದ ಪಕ್ಷ ಒಂದು, ಆರು ವರ್ಷದಲ್ಲಿ ಅಧಿಕಾರಕ್ಕೆ ಬಂದ ಪಕ್ಷಗಳು ಹಲವು. ತಾನಾಗಿ ಸರಿಪಡಿಸಲು ಯಾವುದೂ ಮುಂದೆ ಬರಲಿಲ್ಲ.

ಜರ್ಮನಿಯ ತಡ, ಭಾರತದ ತಡ

ಭಾರತಕ್ಕಿಂತ ತಡವಾಗಿ ಅನುಮೋದಿಸಿದ ದೊಡ್ಡ ದೇಶಗಳೂ ಇವೆ. ಜರ್ಮನಿ ಸಹಿ ಹಾಕಿದ್ದು 2003ರಲ್ಲಿ, ಅನುಮೋದಿಸಿದ್ದು 2014ರ ನವೆಂಬರ್‌ನಲ್ಲಿ. ಅಲ್ಲಿ ತೊಡಕಾಗಿದ್ದದ್ದು ಸಂಸದರ ಲಂಚ. ಮತ ಮಾರಿಕೊಳ್ಳುವುದನ್ನು ಬಿಟ್ಟರೆ ಸಂಸದರ ಬೇರೆ ಬಗೆಯ ಲಂಚವನ್ನು ಹಿಡಿಯುವ ಕಾನೂನು ಜರ್ಮನಿಯಲ್ಲಿರಲಿಲ್ಲ, ಅದನ್ನು ಬಿಗಿಗೊಳಿಸಲು ಸಂಸದರೇ ವರ್ಷಗಟ್ಟಲೆ ಮನಸ್ಸು ಮಾಡಲಿಲ್ಲ. 2014ರ ಆರಂಭದಲ್ಲಿ ಕಾನೂನು ಬಂತು, ಅದೇ ವರ್ಷ ಅನುಮೋದನೆಯೂ ಆಯಿತು. ಜಪಾನ್ ಸಂಘಟಿತ ಅಪರಾಧದ ಕಾನೂನನ್ನು ತಿದ್ದಿಕೊಳ್ಳುವವರೆಗೆ ಕಾದು 2017ರ ಜುಲೈನಲ್ಲಿ ಅನುಮೋದಿಸಿತು.

ಆ ದೇಶಗಳ ವಿಳಂಬ ಕಾನೂನಿನೊಂದಿಗೆ ಮುಗಿಯಿತು. ಭಾರತ ಅನುಮೋದನೆಯನ್ನು ಮೊದಲು ಕೊಟ್ಟು ಕಾನೂನನ್ನು ಮುಂದೂಡಿತು.

ವಿದೇಶಿ ಅಧಿಕಾರಿಗಳ ಲಂಚದ ಮಸೂದೆ ಸ್ಥಾಯಿ ಸಮಿತಿಗೆ ಹೋಗಿ, 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಅಂಥ ಕಾನೂನು ಇನ್ನೂ ಇಲ್ಲ. ಒಡಂಬಡಿಕೆ ಮಾಡಲೇಬೇಕು ಎಂದ ಕೆಲಸ ಇದು. ಬೇರೆ ದೇಶಗಳಲ್ಲಿ ಇಂಥ ಕಾನೂನು ಇರುವುದರ ಪ್ರಯೋಜನ ಏನೆಂದು ತಿಳಿಯಲು ನೆರೆಯ ಗೋವಾ ನೋಡಿದರೆ ಸಾಕು. ಅಲ್ಲಿನ ನೀರು ಮತ್ತು ಒಳಚರಂಡಿ ಯೋಜನೆಯಲ್ಲಿ ಲಂಚ ಸಂದಾಯವಾದ ಸಂಗತಿ ಹೊರಬಿದ್ದದ್ದು 2015ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಲೂಯಿ ಬರ್ಗರ್ ಕಂಪನಿ ಭಾರತ ಸೇರಿ ಹಲವು ದೇಶಗಳ ಅಧಿಕಾರಿಗಳಿಗೆ ಲಂಚ ಕೊಟ್ಟದ್ದನ್ನು ಅಲ್ಲಿ ಒಪ್ಪಿಕೊಂಡು 1.71 ಕೋಟಿ ಡಾಲರ್ ದಂಡ ಕಟ್ಟಿತು. ಗೋವಾದ ತನಿಖೆ ಶುರುವಾದದ್ದೇ ಆ ಸುದ್ದಿಯಿಂದ. ಭಾರತದ ಕಂಪನಿಯೊಂದು ಆಫ್ರಿಕಾದಲ್ಲೋ ಮಧ್ಯ ಏಷ್ಯಾದಲ್ಲೋ ಹೀಗೆಯೇ ಲಂಚ ಕೊಟ್ಟರೆ ಅಲ್ಲಿನ ಜನರಿಗೆ ಸುಳಿವು ಸಿಗುವಂಥ ನೇರ ಕಾನೂನು ನಮ್ಮಲ್ಲಿಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಯ ತಿದ್ದುಪಡಿ 2013ರಲ್ಲಿ ಮಂಡನೆಯಾಗಿ 2018ರ ಜುಲೈನಲ್ಲಿ ಜಾರಿಯಾಯಿತು. ಲಂಚ ಕೊಡುವವನೂ ಅಪರಾಧಿ, ಕಂಪನಿಗಳೂ ಹೊಣೆ ಹೊರಬೇಕು ಎಂಬ ಅಂಶಗಳು ಒಡಂಬಡಿಕೆಗೆ ಹೊಂದುವಂಥವು. ಅದೇ ತಿದ್ದುಪಡಿ 17ಎ ಎಂಬ ಹೊಸ ಕಲಂ ಸೇರಿಸಿತು: ಅಧಿಕಾರಿಯ ಆಡಳಿತಾತ್ಮಕ ತೀರ್ಮಾನಕ್ಕೆ ಸಂಬಂಧಿಸಿದ ತನಿಖೆಗೆ ಮೊದಲೇ ಸರ್ಕಾರದ ಒಪ್ಪಿಗೆ ಬೇಕು. ಜಂಟಿ ಕಾರ್ಯದರ್ಶಿ ಮತ್ತು ಮೇಲಿನವರಿಗೆ ಮಾತ್ರ ಇದ್ದ ಇಂಥದೇ ರಕ್ಷಣೆಯನ್ನು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಸಂವಿಧಾನಬಾಹಿರವೆಂದು ತೆಗೆದುಹಾಕಿತ್ತು. ನಾಲ್ಕೇ ವರ್ಷದಲ್ಲಿ ಅದು ಎಲ್ಲ ದರ್ಜೆಯ ನೌಕರರಿಗೂ ಹಿಗ್ಗಿ ಮರಳಿತು. ಪ್ರಾಮಾಣಿಕ ಅಧಿಕಾರಿ ಹೆದರದೆ ನಿರ್ಧಾರ ಕೈಗೊಳ್ಳಲಿ ಎಂಬ ಕಾಳಜಿ ಸುಳ್ಳಲ್ಲ. ಆದರೆ ಲಂಚ ಪಡೆಯುವಾಗ ಕೈಯಲ್ಲೇ ಸಿಕ್ಕಿಬಿದ್ದವನಿಗೆ ಈ ಒಪ್ಪಿಗೆಯ ತಡೆ ಇಲ್ಲ. ಟ್ರ್ಯಾಪ್‌ಗೆ ಸಿಗುವುದು ಹೆಚ್ಚಾಗಿ ಸಣ್ಣ ಮೀನು, ಕಡತದ ಮೇಲಿನ ಒಂದು ಷರಾದಿಂದ ಕೋಟಿಗಳನ್ನು ತಿರುಗಿಸುವವನಿಗೆ ಬೇಲಿ ಸಿಕ್ಕಿತು.

ಖಾಲಿ ಬಿಟ್ಟ ದಿನಾಂಕ

ಇನ್ನು ಮಾಹಿತಿದಾರರ ಕಾನೂನು. 2011ರ ಡಿಸೆಂಬರ್‌ನಲ್ಲಿ ಲೋಕಸಭೆ, 2014ರ ಫೆಬ್ರುವರಿಯಲ್ಲಿ ರಾಜ್ಯಸಭೆ ಅದನ್ನು ಅಂಗೀಕರಿಸಿದವು. ನಡುವಿನ ಅವಧಿಯಲ್ಲಿ, 2012ರ ಮೇ ತಿಂಗಳಲ್ಲಿ, ಕರ್ನಾಟಕದ ಸಹಕಾರ ಇಲಾಖೆಯಲ್ಲಿ ಸಂಘಗಳ ಲೆಕ್ಕಪರಿಶೋಧನೆ ನೋಡುತ್ತಿದ್ದ ಅಧಿಕಾರಿ ಎಸ್.ಪಿ. ಮಹಾಂತೇಶ್ ಬೆಂಗಳೂರಿನ ರಸ್ತೆಯಲ್ಲಿ ಹಲ್ಲೆಗೊಳಗಾಗಿ ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಮಸೂದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2014ರ ಮೇ 9ರಂದು, ಒಡಂಬಡಿಕೆಯ ಅನುಮೋದನೆಗೆ ಸರಿಯಾಗಿ ಮೂರು ವರ್ಷ ತುಂಬಿದ ದಿನ. ರಾಜ್ಯ ಸರ್ಕಾರಗಳ ನೌಕರರ ವಿರುದ್ಧದ ದೂರುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ದೂರುದಾರನ ಹೆಸರು ಬಯಲು ಮಾಡಿದವರಿಗೆ ಶಿಕ್ಷೆ ಇದೆ. ಕಿರುಕುಳವಾದರೆ ಹಿಂದಿನ ಸ್ಥಾನಕ್ಕೆ ಮರಳಿಸುವ ಅವಕಾಶವಿದೆ.

ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಪಡಿಸುವ ದಿನದಿಂದ ಈ ಕಾಯ್ದೆ ಜಾರಿಗೆ ಬರುತ್ತದೆ ಎಂದು ಅದರ ಮೊದಲ ಕಲಂ ಹೇಳುತ್ತದೆ. ಆ ಅಧಿಸೂಚನೆ ಹೊರಡಲಿಲ್ಲ. ಅದರ ಬದಲು 2015ರಲ್ಲಿ, ಭದ್ರತೆ ಮತ್ತಿತರ ಕಾರಣ ಮುಂದಿಟ್ಟು ಕಾಯ್ದೆಯ ವ್ಯಾಪ್ತಿಯನ್ನು ಕುಗ್ಗಿಸುವ ತಿದ್ದುಪಡಿ ಮಸೂದೆ ಬಂತು. ಲೋಕಸಭೆಯಲ್ಲಿ ಅಂಗೀಕಾರವಾಗಿ ರಾಜ್ಯಸಭೆಯಲ್ಲಿ ನಿಂತು, 2019ರಲ್ಲಿ ಅದೂ ಬಿದ್ದುಹೋಯಿತು. ಮೂಲ ಕಾಯ್ದೆ ಮಾತ್ರ ಪುಸ್ತಕದಲ್ಲಿ ಉಳಿದಿದೆ.

ಈಗ ಯಾವುದೋ ಪಾಲಿಕೆಯ ಕಿರಿಯ ಎಂಜಿನಿಯರ್ ಒಬ್ಬಳು, ಹಾಕದ ಡಾಂಬರಿಗೆ ಬಿಲ್ಲು ಪಾಸಾಗುವುದನ್ನು ಅಳತೆ ಪುಸ್ತಕದಲ್ಲಿ ಕಂಡಳೆಂದು ಇಟ್ಟುಕೊಳ್ಳಿ. 2004ರ ಕೇಂದ್ರದ ನಿರ್ಣಯ ಅವಳಿಗೆ ಅನ್ವಯಿಸುವುದಿಲ್ಲ. 2014ರ ಕಾಯ್ದೆ ಜಾರಿಯಾಗಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಪ್ರಕರಣ ದಾಖಲಾಗಿ ಅವಳು ಸಾಕ್ಷಿಯಾದ ಮೇಲಿನ ಮಾತು. ಲೋಕಾಯುಕ್ತಕ್ಕೆ ದೂರು ಕೊಡಬಹುದು, ತನ್ನ ಹೆಸರಿನಲ್ಲಿ, ಪ್ರಮಾಣಪತ್ರದ ಸಮೇತ. ಮಾರನೆಯ ದಿನ ಅದೇ ಕಚೇರಿಯ ಅದೇ ಮೇಜಿಗೆ ಅವಳು ಮರಳಬೇಕು. ಅವಳ ಪರ ನಿಲ್ಲಬಲ್ಲ ಕಾನೂನನ್ನು ಸಂಸತ್ತಿನ ಎರಡೂ ಸದನಗಳು ಒಪ್ಪಿ, ರಾಷ್ಟ್ರಪತಿ ಅಂಕಿತ ಹಾಕಿ ಹತ್ತು ವರ್ಷ ಮೀರಿದೆ. ಹೊಸ ಮಸೂದೆ ಬೇಡ, ಚರ್ಚೆ ಬೇಡ, ಮತದಾನ ಬೇಡ. ರಾಜ್ಯಪತ್ರದಲ್ಲಿ ಒಂದು ದಿನಾಂಕ ಅಚ್ಚಾಗುವುದಷ್ಟೇ ಬಾಕಿ.